ಬೆನ್ನ ಮೇಲಿನ ಅವ್ವ

ಕೂತ್ಕೊಳ್ರಪ್ಪಾ, ಕೂತ್ಕೊಳ್ಳಿ. ಮೈಗೆ ಎಣ್ಣೆ ಹಚ್ಕೊಂಡೋರು ಗೋಡೆಗೆ ಒರಗಬೇಡಿ, ಸುಣ್ಣ ಹೊಡೆಸಿ ಇನ್ನೂ ವಾರ ಆಗಿಲ್ಲ. ಬೆಳಿಗ್ಗೆಯಿಂದ ನೋಡ್ತಾ ಇದ್ದೀನಿ, ಒಬ್ಬನೂ ನೆಟ್ಟಗೆ ನಾಲ್ಕು ದಂಡೆ ಹೊಡೆದಿಲ್ಲ, ಬರೀ ಹಚ್ಚೆ ಮಾತೇ ಮಾತು! ಒಬ್ಬನಿಗೆ ತೋಳಿನ ಮೇಲೆ ಡ್ರ್ಯಾಗನ್ ಬೇಕಂತೆ. ಇನ್ನೊಬ್ಬನಿಗೆ ಕತ್ತಿನ ಮೇಲೆ ಚೀನಾ ಅಕ್ಷರ ಬೇಕಂತೆ, ಕನ್ನಡ ಓದೋಕೇ ಹೆಣಗಾಡ್ತಾನೆ ನನ್ಮಗ. ಅಲ್ಲಿ ಕೂತಿರೋ ಕರಾಟೆಯೋನು ಎದೆ ಮೇಲೆ ಮುಷ್ಟಿ ಹಾಕಿಸ್ಕೊಳ್ತಾನಂತೆ. ಲೇ, ದೇವರು ಕೈಯಲ್ಲೇ ಎರಡು ಮುಷ್ಟಿ ಕೊಟ್ಟವ್ನಲ್ಲೋ!

ಕುಸ್ತಿ ಹಿಡಿಯೋನಿಗೆ ಎಂಥಾ ಹಚ್ಚೆ ಬೇಕು ಅಂತ ನಾನು ಹೇಳ್ತೀನಿ ಕೇಳಿ. ಮೇಗಲಕೇರಿ ಸಣ್ಣಯ್ಯನ ಕತೆ ಇದು.

ಮೇಗಲಕೇರೀಲಿ ನಿಂಗಾಜಮ್ಮ ಅಂತ ಒಬ್ಬಳಿದ್ಲು. ಅವಳಿಗೆ ಒಬ್ಬನೇ ಮಗ, ಸಣ್ಣಯ್ಯ. ಹೆಸರು ಸಣ್ಣಯ್ಯ, ಆಳು ಮಾತ್ರ ಬಾಗಿಲಲ್ಲಿ ಬಗ್ಗಿ ಬರಬೇಕು. ಮೈಯಲ್ಲಿ ಜೋಡೆತ್ತಿನ ಬಲ, ತಲೆಯಲ್ಲಿ ಮಾತ್ರ ಗಾಳಿ. ಕೆಟ್ಟೋನಲ್ಲ, ಸೋಮಾರಿಯಲ್ಲ. ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು. ಅದೇ ತೊಂದರೆ! ‘ಹಾಲು ಉಕ್ಕುತ್ತಾ ನೋಡ್ಲಾ’ ಅಂತ ಅವ್ವ ಅಂದ್ರೆ, ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು, ಉಕ್ಕಿ ಒಲೆ ಆರೋವರೆಗೂ ನೋಡಿ, ‘ಉಕ್ತು ಕಣವ್ವಾ, ಚೆನ್ನಾಗಿ ಉಕ್ತು’ ಅನ್ನೋನು. ಅವ್ವ ತಲೆ ತಲೆ ಚಚ್ಕೊಳ್ಳೋಳು. ‘ಅಯ್ಯೋ ನನ್ನ ಹಣೆಬರಹವೇ! ಯಾವಾಗಪ್ಪಾ ಬುದ್ಧಿ ಬರೋದು ನಿಂಗೆ?’

ಅವನಪ್ಪ ಕಾಳಪ್ಪ ಒಳ್ಳೇ ಪೈಲ್ವಾನ. ಆ ಕಾಲದಲ್ಲಿ ಯುಗಾದಿ ದಿನ ಮೇಗಲಕೇರಿ ಗರಡಿಗೂ ಕೆಳಗಲಕೇರಿ ಗರಡಿಗೂ ಬೆಳ್ಳಿ ಗದೆ ಕುಸ್ತಿ ನಡೆಯೋದು. ಕಾಳಪ್ಪ ಮೂರು ಯುಗಾದಿ ಹಿಡಿದ, ಮೂರು ಯುಗಾದೀಲೂ ಸೋತ. ನಾಲ್ಕನೇದಕ್ಕೆ ಜ್ವರ ಬಂದು ಮಲಗಿದೋನು ಏಳಲಿಲ್ಲ. ಹೋಗೋವಾಗ ಹೆಂಡತಿ ಕೈ ಹಿಡ್ಕೊಂಡು, ‘ನಿಂಗೀ, ಗದೆ ತಂದು ಈ ಕೈಯಲ್ಲಿ ಇಡ್ತೀನಿ ಅಂದಿದ್ದೆ, ಆಗ್ಲಿಲ್ಲ ಕಣೇ’ ಅಂದನಂತೆ. ಅವತ್ತಿಂದ ನಿಂಗಾಜಮ್ಮನಿಗೆ ಸೀರೆ ಬೇಡ, ಸರ ಬೇಡ. ಆ ಗದೆ ಒಂದು ಸಲ ತನ್ನ ಕೈಗೆ ಬಂದರೆ ಸಾಕು. ಅದೊಂದೇ ಆಸೆ.

ಗದೆ ಎಲ್ಲಿತ್ತು? ನಮ್ಮ ಕೆಳಗಲಕೇರಿ ಗರಡೀಲಿ. ಯಾರ ಹತ್ರ? ಈ ಜವರನ ಹತ್ರ, ಹೂಂ, ನನ್ನ ಹತ್ರಾನೇ! ಐದು ಯುಗಾದಿ ಒಂದೇ ಸಮ ಗೆದ್ದು ಇಟ್ಕೊಂಡಿದ್ದೆ. ಆಗ ಈ ಹೊಟ್ಟೆ ಇರಲಿಲ್ಲ. ಎದೆ ಮೇಲಿನ ಈ ಹುಲಿ ಹಚ್ಚೆ ಆಗ ಹುಲಿ ಥರಾನೇ ಇತ್ತು, ಈಗ ಬಸುರಿ ಎಮ್ಮೆ ಆಗಿದೆ. ನಗಬೇಡಿ, ನಗೋದು ಮುಂದೆ ಇದೆ.

ಯುಗಾದಿಗೆ ಇನ್ನು ಆರು ದಿನ. ನಿಂಗಾಜಮ್ಮ ಮಗನ್ನ ಮೇಗಲಕೇರಿ ಗರಡಿಗೆ ಎಳ್ಕೊಂಡು ಹೋದ್ಲು. ಅಲ್ಲಿ ಉಸ್ತಾದ್ ಮಾದಪ್ಪನೋರು. ಬಿಳಿ ಮೀಸೆ, ಕೈಯಲ್ಲಿ ಹುಣಸೆ ಬರಲು.

‘ಉಸ್ತಾದ್ರೇ, ಈ ಸಲ ನನ್ನ ಮಗನ್ನ ಇಳಿಸಿ’ ಅಂದ್ಲು.

‘ಇವನ್ನಾ? ದಂಡೆ ಹೊಡಿ ಅಂದ್ರೆ ನಿಲ್ಲಿಸು ಅನ್ನೋವರೆಗೂ ಹೊಡೀತಾನೆ ತಾಯಿ. ಮೊನ್ನೆ ನಾನು ಮರೆತು ಊಟಕ್ಕೆ ಹೋಗಿ ಬಂದೆ, ಇನ್ನೂ ಹೊಡೀತಾನೇ ಇದ್ದ!’

‘ಹಂಗಾದ್ರೂ ಇಳಿಸಿ!’

‘ಇಳಿಸೋದು ಆಮೇಲಿನ ಮಾತು. ಮೊದಲು ಹಚ್ಚೆ ಎಲ್ಲಿ? ಹಚ್ಚೆ ಇಲ್ಲದ ಮೈ ಗದೆ ಕುಸ್ತಿಗೆ ಇಳಿಯೋ ಹಂಗಿಲ್ಲ, ನಮ್ಮ ಗರಡಿ ಪದ್ಧತಿ ಅದು. ಗದೆ ಕೈ ಬದಲಾಯಿಸುತ್ತೆ, ಹಚ್ಚೆ ಮೈ ಬದಲಾಯಿಸಲ್ಲ. ಏನು ಬೇಕು ಅಂತ ಅವನೇ ಆರಿಸ್ಕೊಂಡು ಹಾಕಿಸ್ಕೊಂಡು ಬರ್ಲಿ.’

ಮನೆಗೆ ಬಂದು ಅವ್ವ ಹೇಳಿದ್ಲು. ‘ನೋಡು ಮಗಾ, ನಾಳೆ ಗರಡಿಗೆ ಹೋಗು. ಎಲ್ಲರ ಮೈ ಮೇಲಿನ ಹಚ್ಚೆ ನೋಡು. ಯಾವುದು ನಿನ್ನ ಮನಸ್ಸಿಗೆ ಬರುತ್ತೋ ಅದನ್ನ ತಂದು ನಂಗೆ ತೋರಿಸು. ಗೊತ್ತಾಯ್ತಾ?’

‘ಹೂಂ ಕಣವ್ವಾ. ಹಂಗೇ ಮಾಡ್ತೀನಿ.’

ಹೋದ. ನೋಡಿದ. ಒಬ್ಬನ ತೋಳಲ್ಲಿ ಸಿಂಹ. ಒಬ್ಬನ ಎದೇಲಿ ಹನುಮಂತ. ಒಬ್ಬನ ಮಣಿಕಟ್ಟಲ್ಲಿ ಉಸ್ತಾದರ ಹೆಸರು. ಕೆಂಚ ಅನ್ನೋ ಪೈಲ್ವಾನನ ಮುಂಗೈ ಮೇಲೆ ಚೇಳು, ಕೊಂಡಿ ಎತ್ತಿಕೊಂಡು ಇನ್ನೇನು ಕುಟುಕಬೇಕು, ಹಂಗಿತ್ತು. ಸಣ್ಣಯ್ಯನಿಗೆ ಚೇಳು ಮನಸ್ಸಿಗೆ ಬಂತು.

ಬಂತಲ್ಲ, ತರಬೇಕಲ್ಲ? ಕೆಂಚನ್ನ ಸೊಂಟಕ್ಕೆ ಕೈ ಹಾಕಿ ಎತ್ತಿದ, ಹೆಗಲ ಮೇಲೆ ಹಾಕ್ಕೊಂಡ, ನಡೆದ! ಕೆಂಚ ‘ಬಿಡ್ಲಾ! ಬಿಡ್ಲಾ!’ ಅಂತ ಕೂಗ್ತಾನೆ, ಕಾಲು ಜಾಡಿಸ್ತಾನೆ, ಬೀದಿ ಬೀದಿ ಜನ ನಿಂತು ನೋಡ್ತಾರೆ. ಸಣ್ಣಯ್ಯ ಸೀದಾ ಅಡುಗೆ ಮನೆಗೆ ಹೋಗಿ, ಮುದ್ದೆ ತಿರುವ್ತಾ ಕೂತಿದ್ದ ಅವ್ವನ ಮುಂದೆ ಕೆಂಚನ್ನ ಕುಕ್ಕರಿಸಿದ. ಲಂಗೋಟೀಲಿದ್ದ ಕೆಂಚ ನಾಚಿಕೆಯಾಗಿ ಮೊರ ಅಡ್ಡ ಹಿಡ್ಕೊಂಡ.

‘ತಂದೆ ಕಣವ್ವಾ! ನೋಡು ಚೇಳು!’

‘ಅಯ್ಯೋ ನನ್ನ ಹಣೆಬರಹವೇ! ಪೆದ್ದು ಮುಂಡೇದೇ! ಆಳನ್ನೇ ಹೊತ್ಕೊಂಡು ಬರೋದೇನ್ಲಾ? ಮನುಷ್ಯರನ್ನ ಹೊತ್ಕೊಂಡು ಬರಬಾರದು ಕಣೋ! ಒಂದು ಕಾಗದ, ಒಂದು ಚೂರು ಇದ್ದಿಲು ತಗೊಂಡು ಹೋಗಿ, ಇದ್ದಂಗೆ ಬರ್ಕೊಂಡು ಬರಬೇಕು!’

‘ಹೂಂ ಕಣವ್ವಾ. ಇನ್ಮೇಲೆ ಹಂಗೇ ಮಾಡ್ತೀನಿ.’

ಅವ್ವ ಬೈದ್ಲು. ಆದ್ರೆ ಉಸ್ತಾದ್ ಮಾದಪ್ಪನೋರು ಬೈಲಿಲ್ಲ. ಅವರು ಗರಡಿ ಬಾಗಿಲಲ್ಲಿ ನಿಂತು, ಎಂಬತ್ತು ಕೆಜಿ ಕೆಂಚನ್ನ ಆ ಪೆದ್ದ ಪಂಚೆ ಹೊತ್ಕೊಂಡಂಗೆ ಹೊತ್ಕೊಂಡು ಹೋಗಿದ್ದನ್ನ ನೋಡಿದ್ರು. ಮೀಸೆ ಮೇಲೆ ಕೈ ಹೋಯ್ತು. ‘ನಿಂಗಾಜಮ್ಮಾ, ಈ ಯುಗಾದಿಗೆ ಜವರನ ಎದುರು ಇವನೇ. ಬೇಗ ಹಚ್ಚೆ ಹಾಕಿಸು’ ಅಂತ ಹೇಳಿ ಕಳಿಸಿದ್ರು.

ನಿಂಗಾಜಮ್ಮನ ಕಣ್ಣಲ್ಲಿ ನೀರೇ ಬಂತು. ಸೆರಗಲ್ಲಿ ಒರೆಸ್ಕೊಂಡು, ‘ಮಗಾ, ಇನ್ನು ತಡ ಬೇಡ. ಹೊಳೆ ಆಚೆ ಹಚ್ಚೆ ಹಾಕೋ ಸುಬ್ಬಕ್ಕ ಅವ್ಳೆ. ಹೋಗಿ ಅವಳನ್ನ ಮನೆಗೆ ಕರ್ಕೊಂಡು ಬಾ’ ಅಂದ್ಲು.

ಹೋದ. ಹೊಳೆ ದಾಟಿ ಹೋದ. ಸುಬ್ಬಕ್ಕ ಮನೆ ಮುಂದೆ ಕೂತು ತಲೆ ಬಾಚ್ಕೋತಾ ಇದ್ಲು. ಇವನು ಎದುರಿಗೆ ಚಕ್ಕಂಬಕ್ಕಳ ಹಾಕ್ಕೊಂಡು ಕೂತ, ಮಡಿಲಿಂದ ಕಾಗದ ತೆಗೆದ, ಇದ್ದಿಲು ತೆಗೆದ. ಅವಳ ಮುಖ ನೋಡ್ತಾನೆ, ಗೀಚ್ತಾನೆ. ಮುಖ ನೋಡ್ತಾನೆ, ಗೀಚ್ತಾನೆ.

‘ಯಾರಪ್ಪಾ ನೀನು? ಏನಪ್ಪಾ ಬೇಕು?’ ಅಂದ್ಲು ಸುಬ್ಬಕ್ಕ.

‘ಅಲ್ಲಾಡಬೇಡ, ಮೂಗು ಕೆಡ್ತದೆ!’ ಅಂದ.

ಗೀಚಿ ಮುಗಿಸಿ, ಎದ್ದು, ಒಂದು ಮಾತೂ ಆಡದೆ ವಾಪಸ್ ಬಂದ. ಮನೇಲಿ ಅವ್ವ ಮಣೆ ಹಾಕಿ, ಎಲೆ ಅಡಿಕೆ ತಟ್ಟೆ ಇಟ್ಕೊಂಡು ಕಾಯ್ತಾ ಇದ್ದಾಳೆ. ‘ಎಲ್ಲೋ ಸುಬ್ಬಕ್ಕ?’

‘ಇಲ್ಲೇ ಅವ್ಳೆ ಕಣವ್ವಾ’ ಅಂತ ಕಾಗದವನ್ನ ಮಣೆ ಮೇಲೆ ಕೂರಿಸಿದ. ‘ನೀನೇ ಅಂದ್ಯಲ್ಲ, ಮನುಷ್ಯರನ್ನ ಹೊತ್ಕೊಂಡು ಬರಬಾರದು, ಇದ್ದಂಗೆ ಬರ್ಕೊಂಡು ಬರಬೇಕು ಅಂತ!’

‘ಅಯ್ಯೋ ನನ್ನ ಹಣೆಬರಹವೇ! ಕಾಗದ ಬಂದು ಹಚ್ಚೆ ಹಾಕುತ್ತೇನ್ಲಾ? ಮನುಷ್ಯರು ಎದುರಿಗೆ ಬಂದ್ರೆ ಕೈ ಮುಗೀಬೇಕು! ಎಲೆ ಅಡಿಕೆ ಕೊಡಬೇಕು! ‘ನಮ್ಮನೆಗೆ ಬನ್ನಿ’ ಅಂತ ಬಾಯಿ ತುಂಬ ಕರೀಬೇಕು! ಗೊತ್ತಾಯ್ತಾ?’

‘ಹೂಂ ಕಣವ್ವಾ. ಇನ್ಮೇಲೆ ಹಂಗೇ ಮಾಡ್ತೀನಿ.’

ಮನೆಯೊಳಗಿನ ಮಾತು ನಿಂಗೆ ಹೆಂಗೆ ಗೊತ್ತು ಅಂತ ಕೇಳ್ತಾನೆ ನೋಡಿ ಈ ಕರಾಟೆಯೋನು. ಲೇ, ನಿಂಗಾಜಮ್ಮ ಮೇಗಲಕೇರೀಲಿ ಬಾಯಿ ತೆಗೆದ್ರೆ ಕೆಳಗಲಕೇರೀಲಿ ಕೂತಿರೋ ನಮಗೆ ಕೇಳಿಸೋದು. ಸುಮ್ನೆ ಕೇಳು.

ಮಾರನೇ ದಿನ ಗರಡೀಲಿ ಜೋರು. ಜೋರು ಅಂದ್ರೆ ಗೊತ್ತಲ್ಲ, ನಮ್ಮ ನಮ್ಮಲ್ಲೇ ಹಿಡಿದು ಅಭ್ಯಾಸ ಮಾಡೋದು. ಉಸ್ತಾದ್ರು ಸಣ್ಣಯ್ಯನ ಎದುರಿಗೆ ಕೆಂಚನ್ನೇ ಬಿಟ್ರು. ಕೆಂಚನಿಗೆ ಮೊರ ಹಿಡಿದ ಸಿಟ್ಟು ಇನ್ನೂ ಇಳಿದಿಲ್ಲ. ತೊಡೆ ತಟ್ಕೊಂಡು ಮುಂದೆ ಬಂದ.

ಮನುಷ್ಯ ಎದುರಿಗೆ ಬಂದನಲ್ಲ! ಸಣ್ಣಯ್ಯ ಕೈ ಮುಗಿದ. ಲಂಗೋಟಿ ಸಂದೀಲಿ ಸಿಗಿಸಿದ್ದ ಎಲೆ ಅಡಿಕೆ ತೆಗೆದು ಚಾಚಿದ. ‘ನಮ್ಮನೆಗೆ ಬನ್ನಿ’ ಅಂದ. ಅನ್ನೋದಕ್ಕೂ ಕೆಂಚ ಅವನ ಕಾಲು ಎಳೆದು ಧೊಪ್ಪಂತ ಕೆಡವೋದಕ್ಕೂ ಸರಿಹೋಯ್ತು. ಬೆನ್ನೆಲ್ಲ ಮಣ್ಣು! ಕುಸ್ತೀಲಿ ಬೆನ್ನು ಮಣ್ಣಿಗೆ ತಾಗಿದ್ರೆ ಮುಗೀತು, ಸೋತ ಅಂತಲೇ ಲೆಕ್ಕ.

ಎರಡನೆಯವನು ಬಂದ. ಸಣ್ಣಯ್ಯ ಕೈ ಮುಗಿದ, ಎಲೆ ಅಡಿಕೆ ಕೊಟ್ಟ, ‘ನಮ್ಮನೆಗೆ ಬನ್ನಿ’ ಅಂದ, ಧೊಪ್ಪಂತ ಬಿದ್ದ. ಮೂರನೆಯವನು ಬಂದ. ‘ನಮ್ಮನೆಗೆ ಬನ್ನಿ.’ ಧೊಪ್! ಹಿಂಗೇ ಏಳು ಜನ. ಏಳು ಸಲ ಧೊಪ್!

ಸಂಜೆ ಏನಾಯ್ತು? ಬಾಯಿ ತುಂಬ ಕರೆದವ್ನೆ, ಹೋಗದೆ ಇರೋದು ಹೆಂಗೆ ಅಂತ ಏಳು ಜನ ಪೈಲ್ವಾನರೂ ಸ್ನಾನ ಮಾಡಿ, ತಲೆ ಬಾಚಿ, ನಿಂಗಾಜಮ್ಮನ ಮನೆಗೆ ಬಂದು ಸಾಲಾಗಿ ಕೂತ್ರು! ಪೈಲ್ವಾನರ ಊಟ ಗೊತ್ತಲ್ಲ. ಒಬ್ಬೊಬ್ಬ ಐದೈದು ಮುದ್ದೆ. ಅವರೆಕಾಳು ಸಾರಿನ ಗಡಿಗೆ ಗಡಿಗೆಯೇ ಖಾಲಿ. ಕೆಂಚ ತಳ ಕೆರೆದು, ‘ಅಕ್ಕಾ, ಇನ್ನೊಂಚೂರು ಸಾರು ಇದ್ಯಾ?’ ಅಂದ. ನಿಂಗಾಜಮ್ಮ ಸೌಟು ತಗೊಂಡು ಎದ್ದಳು ನೋಡಿ, ಕೈ ತೊಳೀದೇ ಓಡಿದ್ರು.

ಹಿಂದೆಯೇ ಉಸ್ತಾದ್ರು ಬಂದ್ರು, ಮುಖ ಕೆಂಪಗೆ. ‘ನಿಂಗಾಜಮ್ಮಾ, ಏಳು ಸಲ ಬಿದ್ದ ನಿನ್ನ ಮಗ! ಮಟ್ಟಿ ಮಣ್ಣಿಗೆ ಇಳಿದು ಊಟಕ್ಕೆ ಕರೀತಾನಲ್ಲ, ಇವನ್ನ ಹೆಂಗಮ್ಮಾ ಜವರನ ಮುಂದೆ ಬಿಡ್ಲಿ? ಯುಗಾದಿಗೆ ಉಳಿದಿರೋದು ಮೂರೇ ದಿನ. ಇನ್ನೊಂದು ಎಡವಟ್ಟು ಮಾಡಿದ್ರೆ ಕೆಂಚನ್ನೇ ಇಳಿಸ್ತೀನಿ, ನೋಡ್ಕೋ!’

ನಿಂಗಾಜಮ್ಮ ಉಸ್ತಾದ್ರ ಮುಂದೆ ಸೆರಗು ಒಡ್ಡಿದ್ಲು. ‘ಹಂಗನ್ನಬೇಡಿ ಉಸ್ತಾದ್ರೇ, ಕಾಳಪ್ಪನ ಮುಖ ನೋಡಿ. ನಾನು ಇನ್ನೊಂದು ಸಲ ಹೇಳ್ಕೊಡ್ತೀನಿ.’ ಅಂದು ಮಗನ ಕಡೆ ತಿರುಗಿದ್ಲು. ‘ಅಯ್ಯೋ ನನ್ನ ಹಣೆಬರಹವೇ! ಕರೆಯೋದಲ್ಲ ಕಣೋ, ಹಿಡಿಯೋದು! ಕೈಗೆ ಸಿಕ್ಕಿದ ಕೈಯನ್ನ ಉಡದ ಹಂಗೆ ಹಿಡ್ಕೋ! ಬಿಡು ಅಂದ್ರೂ ಬಿಡಬೇಡ, ಅತ್ತರೆ ಮಾತ್ರ ಬಿಡು!’

‘ಹೂಂ ಕಣವ್ವಾ. ಇನ್ಮೇಲೆ ಹಂಗೇ ಮಾಡ್ತೀನಿ.’

ಮಾರನೇ ಬೆಳಿಗ್ಗೆ ನಿಂಗಾಜಮ್ಮ ಮಗನ್ನ ನಂಬದೆ ತಾನೇ ಹೊಳೆ ದಾಟಿ ಹೋಗಿ ಸುಬ್ಬಕ್ಕನ್ನ ಕರ್ಕೊಂಡು ಬಂದ್ಲು. ಸುಬ್ಬಕ್ಕ ಬುಟ್ಟಿ ಇಳಿಸಿದ್ಲು. ದೀಪದ ಮಸಿ ಕಲಸಿದ್ಲು, ಮೂರು ಸೂಜಿ ಸೇರಿಸಿ ದಾರ ಸುತ್ತಿದ್ಲು. ‘ಎಲ್ಲಿ ಮಗಾ, ಕೈ ಕೊಡು’ ಅಂತ ಕೈ ಚಾಚಿದ್ಲು.

ಕೈಗೆ ಕೈ ಸಿಕ್ತಲ್ಲ! ಸಣ್ಣಯ್ಯ ಹಿಡ್ಕೊಂಡ.

‘ಯಾಕಪ್ಪಾ? ಬಿಡು.’

ಬಿಡಲ್ಲ.

‘ಲೋ, ಬಿಡೋ! ಮೂಳೆ ಪುಡಿಯಾಗ್ತದೆ, ಬಿಡೋ!’

‘ಅತ್ತಿಲ್ಲ ಇನ್ನೂ’ ಅಂದ.

ಅವ್ವ ಬಂದು ಬೆನ್ನಿಗೆ ಗುದ್ದಿದ್ಲು, ಕಿವಿ ಹಿಂಡಿದ್ಲು, ಊಹೂಂ! ಕೊನೆಗೆ ಸುಬ್ಬಕ್ಕ ‘ಅಯ್ಯಯ್ಯೋ ನಮ್ಮಪ್ಪಾ!’ ಅಂತ ದೊಡ್ಡ ದನಿ ತೆಗೆದು ಅತ್ತಳು. ‘ಹಾಂ, ಈಗ ಸರಿ’ ಅಂತ ಬಿಟ್ಟ.

ಸುಬ್ಬಕ್ಕ ಕೈ ಉಜ್ಕೊಂಡು ಬೈದ್ಲು ನೋಡಿ! ‘ನಲವತ್ತು ವರ್ಷದಿಂದ ಹಚ್ಚೆ ಹಾಕ್ತಾ ಇದ್ದೀನಿ. ಹಾಕಿಸ್ಕೊಂಡೋರು ಅತ್ತಿದ್ದು ಕಂಡಿದ್ದೀನಿ, ಹಾಕೋಳನ್ನೇ ಅಳಿಸಿದ ಗಂಡು ಇವನೊಬ್ಬನೇ! ಕಲ್ಲಿನ ಹಂಗೆ ಕೂತ್ಕೋ! ನಾನು ಏಳು ಅನ್ನೋವರೆಗೂ ಅಲ್ಲಾಡಬೇಡ! ಈಗ ಹೇಳು, ಏನು ಹಾಕ್ಲಿ? ಸಿಂಹ ಹಾಕ್ಲಾ?’

‘ಬೇಡ. ದಿನಾ ಮಾಂಸ ಎಲ್ಲಿಂದ ತರ್ಲಿ?’

‘ನಾಗರಹಾವು?’

‘ಅವ್ವ ಹೆದರ್ಕೋತಾಳೆ.’

‘ಹನುಮಂತ? ಪೈಲ್ವಾನರೆಲ್ಲ ಹಾಕಿಸ್ಕೋತಾರೆ.’

‘ಆತ ಬ್ರಹ್ಮಚಾರಿ. ನಾಳೆ ನಂಗೆ ಮದುವೆ ಆದ್ರೆ ಆತ ಎಲ್ಲಿಗೆ ಹೋಗ್ಬೇಕು?’

‘ಚೇಳು?’

‘ಅದು ಕೆಂಚಂದು. ಕೆಂಚನ್ನ ತಂದಿದ್ದಕ್ಕೇ ಅವ್ವ ಬೈದ್ಲು.’

ಸುಬ್ಬಕ್ಕ ಸೂಜಿ ಕೆಳಗಿಟ್ಲು. ‘ಮತ್ತೆ ಏನು ಹಾಕ್ಲಪ್ಪಾ? ನೀನೇ ಹೇಳು!’

ಸಣ್ಣಯ್ಯ ಯೋಚನೆ ಮಾಡಿದ. ಅವನು ಯೋಚನೆ ಮಾಡಿದ್ದು ಅದೇ ಮೊದಲು, ಹಣೆ ಮೇಲೆ ಬೆವರು ಬಂತು. ಆಮೇಲೆ ಅಂದ, ‘ಅವ್ವನ್ನ ಹಾಕು. ಬೆನ್ನ ಮೇಲೆ ಹಾಕು. ಯಾವಾಗ್ಲೂ ಹಿಂದೆ ನಿಂತು ಬೈತಾಳಲ್ಲ, ಅಲ್ಲೇ ಇರ್ಲಿ.’

ನಿಂಗಾಜಮ್ಮ ಬೈಯೋಕೆ ಅಂತ ಬಾಯಿ ತೆಗೆದೋಳು, ಒಲೆ ಕಡೆ ತಿರುಗಿ, ಆರಿಹೋಗಿದ್ದ ಒಲೇನ ಊದ್ತಾ ಕೂತ್ಲು. ಮಗನ ಮೇಲೆ ಅವಳಿಗೆ ಅಷ್ಟೊಂದು ಪ್ರೀತಿ ಬಂದಿದ್ದು ಅವನು ಹುಟ್ಟಿದ ದಿನ ಬಿಟ್ರೆ ಅವತ್ತೇ ಅಂತೆ, ಅವಳೇ ಹೇಳಿದ್ಲು.

ಸುಬ್ಬಕ್ಕ ಹಾಡು ಹೇಳ್ಕೊಂಡು ಚುಚ್ಚಿದ್ಲು. ದುಂಡು ಮುಖ, ತುರುಬು, ಮೂಗುಬೊಟ್ಟು. ಸಣ್ಣಯ್ಯ ಕಲ್ಲಿನ ಹಂಗೆ ಕೂತಿದ್ದ. ಒಂದೇ ಒಂದು ಸಲ ಬಾಯಿ ಬಿಟ್ಟ. ‘ಬಾಯಿ ತೆಗೆದಿರೋ ಹಂಗೆ ಹಾಕಕ್ಕಾ. ಬಾಯಿ ಮುಚ್ಚಿದ್ರೆ ಅದು ನಮ್ಮವ್ವ ಅಲ್ಲ.’ ಬಾಯಿ ತೆಗೆದೇ ಹಾಕಿದ್ಲು. ಬೆನ್ನು ತುಂಬ ನಿಂಗಾಜಮ್ಮ! ಈಗ ಬೈತಾಳೆ, ಇನ್ನೊಂದು ಗಳಿಗೇಲಿ ಬೈತಾಳೆ, ಹಂಗೆ!

ಅರಿಶಿನ ಎಣ್ಣೆ ಸವರಿ ಸುಬ್ಬಕ್ಕ ಬೆರಳೆತ್ತಿ ಹೇಳಿದ್ಲು. ‘ಕೇಳಿಸ್ಕೋ. ಈ ಹಚ್ಚೆ ಮಾಗಿದೆ ಅಂತ ಹೇಳೋವರೆಗೂ ಬೆನ್ನಿಗೆ ಒಂದು ಚೂರು ಮಣ್ಣು ಸೋಕಬಾರದು. ಸೋಕ್ತೋ, ಅವ್ವನ ಮುಖ ಕೆಟ್ಟು ಕೀವಾಗುತ್ತೆ. ಗೊತ್ತಾಯ್ತಾ?’

‘ಹೂಂ ಕಣಕ್ಕಾ. ಹಂಗೇ ಮಾಡ್ತೀನಿ.’

ಉಸ್ತಾದ್ರು ನೋಡಿ ಹಣೆ ಹಣೆ ಬಡ್ಕೊಂಡ್ರು. ‘ತೋಳು, ಎದೆ ಎಲ್ಲ ಬಿಟ್ಟು ಬೆನ್ನಿಗೆ ಹಾಕಿಸ್ಕೊಂಡವ್ನಲ್ಲಮ್ಮಾ! ನಾಳಿದ್ದು ಕುಸ್ತಿ, ಹಸೀ ಗಾಯ! ಮಟ್ಟಿ ಅಂದ್ರೇನೇ ಮಣ್ಣು!’ ಆದ್ರೆ ಕೆಂಚ ಆವತ್ತು ಅವರೆಕಾಳು ಜಾಸ್ತಿಯಾಗಿ ಹೊಟ್ಟೆ ಹಿಡ್ಕೊಂಡು ಮಲಗಿದ್ದ, ಏಳೋ ಹಂಗಿರಲಿಲ್ಲ. ಬೇರೆ ಯಾರೂ ನನ್ನೆದುರು ಇಳಿಯೋಕೆ ಒಪ್ಪಲಿಲ್ಲ. ಸಣ್ಣಯ್ಯನೇ ಗತಿ.

ಯುಗಾದಿ ಬಂತು. ಬೇವು ಬೆಲ್ಲ ತಿಂದು ಎರಡು ಕೇರಿ ಜನವೂ ಮಟ್ಟಿ ಸುತ್ತ ಸೇರಿದ್ರು. ತಮಟೆ ಬಡೀತಾ ಇದೆ. ನಿಂಗಾಜಮ್ಮ ಪಕ್ಕದ ಮನೆ ಜಗಲಿ ಹತ್ತಿ ನಿಂತವ್ಳೆ. ಮಧ್ಯದಲ್ಲಿ ಕೆಂಪು ಬಟ್ಟೆ ಹಾಸಿದ ಮೇಜು, ಮೇಜಿನ ಮೇಲೆ ನನ್ನ ಗದೆ. ಹೂಂ, ನನ್ನದು ಅಂತಲೇ ತಿಳ್ಕೊಂಡಿದ್ದೆ.

ನಾನು ಇಳಿದೆ. ಎದೆ ಉಬ್ಬಿಸಿ ಹುಲಿ ತೋರಿಸ್ದೆ. ಜನ ಹೋ ಅಂದ್ರು. ಸಣ್ಣಯ್ಯ ಇಳಿದ, ತಿರುಗಿ ಬೆನ್ನು ತೋರಿಸಿದ. ಜನ ಬಿದ್ದು ಬಿದ್ದು ನಕ್ಕರು.

ನಾನೂ ನಕ್ಕೆ. ಒಂದೇ ಏಟಿಗೆ ಮುಗಿಸ್ತೀನಿ ಅಂತ ಕಾಲಿಗೆ ಕಾಲು ಕೊಟ್ಟು ಎಸೆದೆ. ಬಿದ್ದ. ಬೋರಲು ಬಿದ್ದ. ಎತ್ತಿ ಎಸೆದೆ. ಬೋರಲು ಬಿದ್ದ. ಸೊಂಟದ ಪಟ್ಟು ಹಾಕಿ ತಿರುಗಿಸಿ ಎಸೆದೆ. ಗಾಳೀಲೇ ಬೆಕ್ಕಿನ ಥರ ಮಗುಚಿ ಬೋರಲು ಬಿದ್ದ! ‘ಅವ್ವನ ಮುಖಕ್ಕೆ ಮಣ್ಣು ಸೋಕಬಾರದು’ ಅಂತ ಬಾಯಲ್ಲಿ ಗೊಣಗ್ತಾ ಅವ್ನೆ. ಮುಖಕ್ಕೆ ಮಣ್ಣು, ಮೂಗಿಗೆ ಮಣ್ಣು, ಬಾಯಿ ತುಂಬ ಮಣ್ಣು, ಬೆನ್ನಿಗೆ ಮಾತ್ರ ಒಂದು ಕಣ ಇಲ್ಲ.

ಸರಿ, ಹಿಂದಿನಿಂದ ಹಿಡಿಯೋಣ ಅಂತ ಹೋದೆ. ಹೋದ್ರೆ ನಿಂಗಾಜಮ್ಮ ಬಾಯಿ ತೆಕ್ಕೊಂಡು ನನ್ನನ್ನೇ ನೋಡ್ತಾವ್ಳೆ! ಸುಳ್ಳು ಹೇಳಲ್ಲ, ನನ್ನ ಕೈ ಹಿಂದಕ್ಕೆ ಬಂತು. ಜಗಲಿ ಮೇಲೆ ಒಬ್ಬಳು ಬೈತಾವ್ಳೆ, ಬೆನ್ನ ಮೇಲೆ ಒಬ್ಬಳು ಬಾಯಿ ತೆಗೆದವ್ಳೆ, ನಾನು ಯಾರಿಗೆ ಅಂತ ಹೆದರ್ಲಿ?

ಅರ್ಧ ಗಂಟೆ ಆಯ್ತು. ಮುಕ್ಕಾಲು ಗಂಟೆ ಆಯ್ತು. ನನಗೆ ಏದುಸಿರು. ಅವನು ಮಟ್ಟಿ ಮಧ್ಯ ಕಲ್ಲಿನ ಹಂಗೆ ಕೂತವ್ನೆ, ಏಳು ಅನ್ನೋವರೆಗೂ ಅಲ್ಲಾಡಬಾರದು ಅಂತ! ಎಳೆದೆ, ನೂಕಿದೆ, ಜಗ್ಗಿದೆ. ಬೆಟ್ಟ ಜಗ್ಗಿದ ಹಂಗಾಯ್ತು. ನನ್ನ ಹುಲಿ ಬೆವರಲ್ಲಿ ನೆನೆದು ಬೆಕ್ಕಾಗಿತ್ತು.

ಆಗ ಜಗಲಿ ಮೇಲಿಂದ ನಿಂಗಾಜಮ್ಮ ಕೂಗಿದ್ಲು. ‘ಏಳೋ ಮಗನೇ! ಏಳು! ಹಿಡ್ಕೊಳೋ!’

ಏಳು ಅಂದ್ಲಲ್ಲ, ಎದ್ದ. ಹಿಡ್ಕೋ ಅಂದ್ಲಲ್ಲ, ಹಿಡ್ಕೊಂಡ. ಅಯ್ಯಪ್ಪಾ, ಆ ಹಿಡಿತ! ಸುಬ್ಬಕ್ಕ ಯಾಕೆ ಅತ್ತಳು ಅಂತ ನನಗೆ ಆಗ ಗೊತ್ತಾಯ್ತು.

‘ಅವನ ಬೆನ್ನಿಗೆ ಮಣ್ಣು ತಾಗಿಸೋ!’ ಅಂತ ಮತ್ತೆ ಕೂಗಿದ್ಲು.

‘ಹೂಂ ಕಣವ್ವಾ!’

ಏನು ಮಾಡಿದ ಗೊತ್ತಾ? ನನ್ನನ್ನ ಎಡಗಂಕುಳಲ್ಲಿ ಅವುಚಿ ಹಿಡ್ಕೊಂಡ. ಬಗ್ಗಿ ಬಲಗೈ ತುಂಬ ಮಣ್ಣು ಬಾಚಿದ. ಮದುಮಗನಿಗೆ ಅರಿಶಿನ ಹಚ್ಚಿದ ಹಂಗೆ ನಿಧಾನಕ್ಕೆ, ನೀಟಾಗಿ, ನನ್ನ ಬೆನ್ನಿಗೆಲ್ಲ ಮಣ್ಣು ಹಚ್ಚಿದ! ‘ತಾಗಿಸ್ದೆ ಕಣವ್ವಾ!’

ಜನ ಹೊಟ್ಟೆ ಹಿಡ್ಕೊಂಡು ಉರುಳಾಡಿದ್ರು. ತೀರ್ಪು ಹೇಳೋ ಯಜಮಾನ್ರು ಕಣ್ಣೊರೆಸ್ಕೊಂಡು, ‘ಹಂಗಲ್ಲಪ್ಪಾ, ಮಣ್ಣು ಬೆನ್ನಿಗೆ ಬರಬಾರದು. ಬೆನ್ನು ಮಣ್ಣಿಗೆ ಹೋಗ್ಬೇಕು’ ಅಂದ್ರು.

‘ಓ, ಹಂಗಾ? ಮೊದ್ಲೇ ಹೇಳ್ಬಾರ್ದಾ?’ ಅಂದ. ನನ್ನನ್ನ ಎರಡೂ ಕೈಯಲ್ಲಿ ಎತ್ತಿ, ತೊಟ್ಟಿಲಲ್ಲಿ ಮಗು ಮಲಗಿಸಿದ ಹಂಗೆ, ತಲೆ ಕೆಳಗೆ ಒಂದು ಕೈ ಕೊಟ್ಟು, ಮೆತ್ತಗೆ ಅಂಗಾತ ಮಲಗಿಸಿದ. ಚಿತ್! ಐದು ಯುಗಾದಿ ಯಾರ ಕೈಲೂ ಚಿತ್ ಆಗದ ಜವರ, ಜೋಗುಳ ಒಂದು ಬಾಕಿ, ಚಿತ್!

ತಮಟೆ ಹರಿದು ಹೋಗೋ ಹಂಗೆ ಬಡಿದ್ರು. ಮೇಗಲಕೇರಿಗೆ ಮೇಗಲಕೇರಿಯೇ ಮಟ್ಟಿಗೆ ನುಗ್ಗಿ ಸಣ್ಣಯ್ಯನ್ನ ಹೆಗಲ ಮೇಲೆ ಎತ್ತಿ ಕುಣಿದ್ರು. ಉಸ್ತಾದ್ ಮಾದಪ್ಪನೋರು ಮೀಸೆ ಕಚ್ಕೊಂಡು ಅಳ್ತಾ ಇದ್ರು. ಮೇಜಿನ ಮೇಲಿಂದ ಗದೆ ತಂದು ಸಣ್ಣಯ್ಯನಿಗೆ ಕೊಟ್ಟು, ‘ಹೋಗಪ್ಪಾ ಕಾಳಪ್ಪನ ಮಗನೇ, ನಿಮ್ಮವ್ವನ ಕೈಯಲ್ಲಿ ಇಡು’ ಅಂದ್ರು.

ಜನ ದಾರಿ ಬಿಟ್ರು. ಜಗಲಿಯಿಂದ ಇಳಿದ ನಿಂಗಾಜಮ್ಮ ಎರಡೂ ಕೈ ಮುಂದೆ ಚಾಚಿ ನಿಂತ್ಲು. ಎಷ್ಟು ವರ್ಷದ ಆಸೆ! ಸಣ್ಣಯ್ಯ ಗದೆ ಹಿಡ್ಕೊಂಡು ಬಂದ, ಬಂದ, ಅವ್ವನ ಮುಂದೆಯೇ ಬಂದ, ಪಕ್ಕಕ್ಕೆ ಸರಿದು ಓಡಿದ!

ಓಡಿದ್ದು ಎಲ್ಲಿಗೆ? ಜನದ ಮಧ್ಯೆ ಮಂಡಕ್ಕಿ ತಿಂತಾ ನಿಂತಿದ್ದ ಸುಬ್ಬಕ್ಕನ ಹತ್ರ! ಬೆನ್ನು ತಿರುಗಿಸಿ ಕಲ್ಲಿನ ಹಂಗೆ ಕೂತ್ಕೊಂಡ. ‘ಸುಬ್ಬಕ್ಕಾ, ಬೇಗ ಸೂಜಿ ತಗೀ! ಗದೇನ ಅವ್ವನ ಕೈಯಲ್ಲಿ ಇಡ್ಬೇಕಂತೆ. ನೀನು ಬರೀ ಮುಖ ಹಾಕಿದ್ಯ, ಕೈಯೇ ಹಾಕಿಲ್ವಲ್ಲ! ಎರಡು ಕೈ ಹಾಕು!’

‘ಅಯ್ಯೋ ನನ್ನ ಹಣೆಬರಹವೇ!’ ಅಂತ ನಿಂಗಾಜಮ್ಮ ಕೂಗಿದ್ದು ನಾಲ್ಕು ಊರಿಗೆ ಕೇಳಿಸ್ತು. ಓಡಿ ಬಂದ್ಲು, ಮಗನ ಕೈಯಿಂದ ಗದೆ ಕಿತ್ಕೊಂಡ್ಲು, ಹೊಡೆಯೋಕೆ ಎತ್ತಿದ್ಲು. ‘ಪೆದ್ದು ಮುಂಡೇದೇ, ನಾನು ಇಲ್ಲಿದ್ದೀನಿ ಕಣೋ!’

ಎತ್ತಿದ ಕೈ ಅಲ್ಲೇ ನಿಂತುಬಿಡ್ತು. ಬೆಳ್ಳಿ ಗದೆ ಬಿಸಿಲಿಗೆ ಪಳಪಳ ಅಂತ ಇತ್ತು, ನಿಂಗಾಜಮ್ಮನ ಎರಡೂ ಕೈಯಲ್ಲಿ. ಅವಳು ಒಂದು ಸಲ ಗದೆ ನೋಡಿದ್ಲು, ಒಂದು ಸಲ ಮಗನ್ನ ನೋಡಿದ್ಲು. ‘ಬಂತು ಕಣ್ರೀ, ಕೈಗೆ ಬಂತು’ ಅಂದ್ಲು, ಯಾರಿಗೆ ಅಂದ್ಲು ಅಂತ ಎಲ್ಲರಿಗೂ ಗೊತ್ತಿತ್ತು. ನೆಲದ ಮೇಲೆ ಬಿದ್ದಿದ್ದ ನಾನೂ ಎದ್ದು ಕೂತು ಅತ್ತೆ. ಸೋತಿದ್ದಕ್ಕಲ್ಲ.

ಆಮೇಲೆ ಹತ್ತು ಯುಗಾದಿ ಗದೆ ಮೇಗಲಕೇರೀಲೇ ಇತ್ತು. ಯಾರು ಎಲ್ಲಿಂದ ಬಂದು ಎಸೆದ್ರೂ ಸಣ್ಣಯ್ಯ ಬೋರಲೇ ಬೀಳೋನು. ಗುಟ್ಟು ಏನು ಅಂತೀರಾ? ಮಾಗಿದೆ ಅಂತ ಹೇಳೋವರೆಗೂ ಮಣ್ಣು ಸೋಕಬಾರದು ಅಂದಿದ್ಲಲ್ಲ ಸುಬ್ಬಕ್ಕ, ಹಚ್ಚೆ ಹದಿನೈದೇ ದಿನಕ್ಕೆ ಮಾಗಿತ್ತು. ಆದ್ರೆ ಉಸ್ತಾದ್ರು ಹುಣಸೆ ಬರಲು ಹಿಡಿದು ಕೇರಿಗೆಲ್ಲ ತಾಕೀತು ಮಾಡಿದ್ರು. ‘ಮಾಗಿದೆ ಅಂತ ಅವನಿಗೆ ಯಾವನಾದ್ರೂ ಹೇಳಿದ್ರೆ ಕಾಲು ಮುರೀತೀನಿ!’

ಯಾರೂ ಹೇಳಲಿಲ್ಲ. ಈಗ ಸಣ್ಣಯ್ಯನಿಗೂ ತಲೆ ನೆರೆತಿದೆ, ಕುಸ್ತಿ ಬಿಟ್ಟು ಎಷ್ಟೋ ಕಾಲ ಆಯ್ತು. ಮೊನ್ನೆ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಮಧ್ಯಾಹ್ನ ಜಗಲಿ ಮೇಲೆ ಬೋರಲು ಮಲಗಿದ್ದ, ಬೆನ್ನ ಮೇಲೆ ನಿಂಗಾಜಮ್ಮ ಬಾಯಿ ತೆಗೆದಿದ್ಲು. ಪಾಪ ಅನ್ನಿಸ್ತು. ‘ಅಂಗಾತ ಮಲಗೋ ಸಣ್ಣಯ್ಯ, ಯಾಕೆ ಹಿಂಗೆ?’ ಅಂದೆ.

‘ಶ್! ಮೆತ್ತಗೆ ಮಾತಾಡೋ ಜವರಣ್ಣ’ ಅಂತ ಬೆನ್ನ ಕಡೆ ಬೆರಳು ತೋರಿಸಿದ. ‘ಅವ್ವ ಈಗ ತಾನೇ ನಿದ್ದೆ ಹೋಗವ್ಳೆ.’